ಅತ್ತಿಗೆಯ ಬೆನ್ನು, ಮನೆಮಂದಿ ಗುಂಪು

ನಾಗರಾಜ: (ವಿಡಿಯೋ) "ಜಾರಿದ ಬೆನ್ನುಮೂಳೆ ವಾರದಲ್ಲಿ ಜಾಗಕ್ಕೆ!" ಸರೋಜ ಅತ್ತಿಗೆ, ಪೂರ್ತಿ ನೋಡಿ. ಬೆನ್ನ ಮೇಲೆ ಕಾಲಿಟ್ಟು ಒತ್ತಿದ ತಕ್ಷಣ ಟಕ್ ಅಂತ ಕೂತ್ಕೊಳ್ಳುತ್ತೆ.

ಸುಮಾ: ಮಾವ, ಟಕ್ ಅನ್ನೋದು ಕೀಲಿನೊಳಗಿನ ಗಾಳಿಗುಳ್ಳೆ. ಜಾರಿದ ಮೂಳೆ ಹಾಗೆಲ್ಲ ವಾಪಸ್ ಹೋಗಲ್ಲ. ಅತ್ತೆ ಬೆನ್ನ ಮೇಲೆ ಯಾರೂ ಕಾಲಿಡೋದು ಬೇಡ.

ನಾಗರಾಜ: ಹಾಗಾದ್ರೆ ಸ್ಕ್ರೂ, ರಾಡು ಹಾಕಿಸಿ ಮಲಗಿಸೋದಾ?

ರಘು: ಹಾಸನದ ಡಾಕ್ಟರು ಎಂಆರ್‌ಐ ನೋಡಿ ಮುಂದಿನ ವಾರವೇ ಆಪರೇಷನ್‌ಗೆ ಅಡ್ಮಿಟ್ ಆಗಿ ಅಂದ್ರು ಚಿಕ್ಕಪ್ಪ. ಅಮ್ಮನ ಕಾಲು ಮುಟ್ಟಿಯೂ ನೋಡ್ಲಿಲ್ಲ. ಆದ್ರೂ ಒಮ್ಮೆಗೇ ಮುಗಿಸಿಬಿಡೋಣ ಅಂತ ನಾನು ರಜೆ ಹಾಕಿದೀನಿ. ರಿಪೋರ್ಟಲ್ಲಿ ಎಲ್4-ಎಲ್5 (ಸೊಂಟದ ನಾಲ್ಕು, ಐದನೇ ಮೂಳೆ), ಗ್ರೇಡ್ 1 ಅಂತಿದೆ.

ಸುಮಾ: ಗ್ರೇಡ್ 1 ಅಂದ್ರೆ ಕೆಳಗಿನ ಮೂಳೆಯ ಅಗಲದಲ್ಲಿ 25%ರೊಳಗೇ ಮುಂದಕ್ಕೆ ಸರಿದಿದೆ ಅಂತ. ಐವತ್ತು ದಾಟಿದ ಹೆಂಗಸರಲ್ಲಿ ಇದು ಮಾಮೂಲಿ, ಎಷ್ಟೋ ಜನಕ್ಕೆ ಗೊತ್ತೇ ಆಗಿರಲ್ಲ. ಎಂಆರ್‌ಐ ಮಲಗಿಸಿ ತೆಗೆಯೋದು. ನಿಂತು, ಮುಂದೆ ಹಿಂದೆ ಬಗ್ಗಿಸಿ ಎಕ್ಸ್‌ರೇ ತೆಗೆದ್ರೆ ಮೂಳೆ ಅಲುಗಾಡುತ್ತಾ ಅಂತ ತಿಳಿಯುತ್ತೆ. ಅದನ್ನ ಯಾಕೆ ಮಾಡಿಸ್ಲಿಲ್ಲ?

ಶಾಂತಾ: ಬೆನ್ನು ಯಾರದ್ದೋ ಅವರನ್ನೇ ಯಾರೂ ಕೇಳ್ಲಿಲ್ಲ!

ಸರೋಜ: ಕಣದಲ್ಲಿ ಬಗ್ಗಿ ಕಾಫಿ ಹರಡುವಾಗ ಏನೂ ಆಗಲ್ಲ ಕಣೇ. ರೇಷನ್ ಅಂಗಡಿ ಸಾಲಲ್ಲಿ ಹತ್ತು ನಿಮಿಷ ನಿಂತ್ರೆ ಎಡಗಾಲ ಮೀನಖಂಡ ಜೋಮು ಹಿಡಿಯುತ್ತೆ. ಕಟ್ಟೆ ಮೇಲೆ ಕೂತ್ರೆ ಸರಿಹೋಗುತ್ತೆ.

ಸುಮಾ: ಬಗ್ಗಿದಾಗ ನರಕ್ಕೆ ಜಾಗ ಸಿಗುತ್ತೆ ಅತ್ತೆ, ಅದಕ್ಕೇ. ನಡೆಯುವಾಗ ಪಾದ ಎಳೆಯುತ್ತಾ? ಚಪ್ಪಲಿ ಜಾರುತ್ತಾ? ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ.

ಸರೋಜ: ನಡೆದೆ. ನಾಯಿ ಬೊಗಳ್ತು, ಅಷ್ಟೆ.

ಸುಮಾ: ಹಾಗಾದ್ರೆ ಪಾದಕ್ಕೆ ಬಲ ಇದೆ, ಮುಂದಿನ ವಾರವೇ ಅನ್ನೋ ಅವಸರ ಇಲ್ಲ. ಮೂರು ತಿಂಗಳು ಹೊಟ್ಟೆ, ಸೊಂಟದ ವ್ಯಾಯಾಮ ನಾನೇ ಮಾಡಿಸ್ತೀನಿ. ಜಗ್ಗದಿದ್ರೆ ನರದ ಬುಡಕ್ಕೆ ಇಂಜೆಕ್ಷನ್ ಇದೆ. ಕಾಲಿನ ಬಲ ಕಡಿಮೆಯಾಗ್ತಾ ಬಂದ್ರೆ ಕಾಯಲ್ಲ, ತಕ್ಷಣ ತೋರಿಸೋದು. ಒಂದಕ್ಕೆ ಹೋಗೋದು ತಿಳಿಯದೇ ಹೋದ್ರೆ, ಕೂರುವ ಜಾಗ ಜೋಮು ಹಿಡಿದ್ರೆ ಆವತ್ತು ರಾತ್ರಿಯೇ ಆಸ್ಪತ್ರೆ.

ರಘು: ಮೂರು ತಿಂಗಳಾದ್ಮೇಲೂ ಹೀಗೇ ಇದ್ರೆ?

ಸುಮಾ: ನಡೆಯೋ ದೂರ ಕುಗ್ಗುತ್ತಾ ಬಂದ್ರೆ ಮಾಡಿಸೋಣ, ಆಗ ನಿಜಕ್ಕೂ ಉಪಯೋಗ ಆಗುತ್ತೆ. ನಾನೇನು ಆಪರೇಷನ್ ವಿರೋಧಿ ಅಲ್ಲ ಮಾರಾಯ. ಅದಕ್ಕೂ ಮುಂಚೆ ಇನ್ನೊಬ್ಬ ಬೆನ್ನುಮೂಳೆ ಡಾಕ್ಟರಿಗೂ ತೋರಿಸೋಣ.

ನಾಗರಾಜ: ವಿಡಿಯೋಗೆ ಅಷ್ಟೊಂದು ಲೈಕ್ ಸುಮ್ನೆ ಬರುತ್ತಾ?

ಶಾಂತಾ: ನಿನ್ನ ಬೆನ್ನು ಕೊಡು, ತುಳಿಸಿ ನೋಡೋಣ.

ಸರೋಜ: ಗುರುವಾರ ಎಕ್ಸ್‌ರೇಗೆ ಬರ್ತೀನಿ. ಮೂಡಿಗೆರೆ ಕಡೆ ಮೋಡ ಕಟ್ಟಿದೆ, ಕಾಫಿಗೆ ಟಾರ್ಪಾಲು ಹೊದಿಸ್ಬೇಕು.

ಸುಮಾ: ನೀವು ಎತ್ತಬೇಡಿ ಅತ್ತೆ. ಅತ್ತೆ? ಫೋನ್ ಇಟ್ಟು ಹೋದ್ರಾ?