ನೀರು ಬಣ್ಣ ತಿರುಗಿದ ದಿನವೇ ನೈಟ್ರೇಟ್ ಸೊನ್ನೆ: ಹಾಗಾದರೆ ಪಾಚಿಗೆ ಗೊಬ್ಬರ ಎಲ್ಲಿಂದ ಬಂತು?

ಅಳಿವೆ_ಪಂಜರ:

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಒಂದು ಅಳಿವೆಯಲ್ಲಿ ಕುರುಡಿ ಮೀನಿನ ಪಂಜರಗಳಿವೆ. ಪಕ್ಕದಲ್ಲೇ ಹಗ್ಗಕ್ಕೆ ಪಚ್ಚಿಲೆ ಕಟ್ಟಿದೆ. ಆಳ ಮೂರರಿಂದ ನಾಲ್ಕು ಮೀಟರ್. ಸೆಪ್ಟೆಂಬರ್ ಮೊದಲ ವಾರ ತೆಗೆದ ಮಾದರಿಯಲ್ಲಿ ನೈಟ್ರೇಟ್ ಲೀಟರಿಗೆ 14 ಮೈಕ್ರೋಮೋಲ್, ಪಾಚಿ ಎಷ್ಟಿದೆ ಎಂದು ತೋರಿಸುವ ಕ್ಲೋರೋಫಿಲ್ ಲೀಟರಿಗೆ 3 ಮೈಕ್ರೋಗ್ರಾಂ ಇತ್ತು. ಎರಡು ವಾರ ಬಿಟ್ಟು ನೀರು ಕಂದು-ಹಸಿರಾಯಿತು. ಆ ದಿನ ಕ್ಲೋರೋಫಿಲ್ 22, ಆದರೆ ನೈಟ್ರೇಟ್ 0.3, ಫಾಸ್ಫೇಟ್ 0.1. ಅಂಗಡಿಯಲ್ಲಿ ಸಿಗುವ ಹನಿ ಕಿಟ್‌ನಲ್ಲಿ ಎರಡು ಸಲವೂ ಎಲ್ಲ ಸೊನ್ನೆ.

ಪೋಷಕಾಂಶ ಜಾಸ್ತಿಯಾದರೆ ಪಾಚಿ ಬೆಳೆಯುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಇಲ್ಲಿ ಪಾಚಿ ತುಂಬಿದಾಗ ಪೋಷಕಾಂಶವೇ ಇಲ್ಲ. ಮಾದರಿ ತೆಗೆದ ರೀತಿ ತಪ್ಪೋ, ಅಥವಾ ಲೆಕ್ಕವೇ ಬೇರೆಯೋ? ಮೀನಿನ ಆಹಾರದಿಂದಲೇ ಹೀಗಾಯಿತು ಎಂದು ಊರಿನವರು ಹೇಳುತ್ತಿದ್ದಾರೆ. ಅದನ್ನು ಪರೀಕ್ಷಿಸುವ ದಾರಿ ಇದೆಯೇ? ಇಂಥ ನೀರಿನ ಪಚ್ಚಿಲೆ ತಿನ್ನಬಹುದೇ?

ಉಪ್ಪುನೀರು:

ನಿಮ್ಮ ಅಂಕಿಗಳು ಸರಿಯಾಗಿಯೇ ಇವೆ. ನೈಟ್ರೇಟ್ ಎಲ್ಲೂ ಹೋಗಿಲ್ಲ, ಪಾಚಿಯ ಮೈಯೊಳಗಿದೆ. ಒಂದು ಮೈಕ್ರೋಮೋಲ್ ಸಾರಜನಕದಿಂದ ಸುಮಾರು 1ರಿಂದ 2 ಮೈಕ್ರೋಗ್ರಾಂ ಕ್ಲೋರೋಫಿಲ್ ಹುಟ್ಟುತ್ತದೆ ಎಂಬುದು ಬಳಕೆಯ ಅಂದಾಜು. ನಿಮ್ಮಲ್ಲಿ ನೈಟ್ರೇಟ್ 13.7 ಇಳಿದಿದೆ, ಕ್ಲೋರೋಫಿಲ್ 19 ಏರಿದೆ. ತಾಳೆ ಬೀಳುತ್ತದೆ. ಬ್ಲೂಮ್ (ಪಾಚಿ ಒಮ್ಮೆಗೇ ತುಂಬಿಕೊಳ್ಳುವುದು) ದಿನದ ಕರಗಿದ ನೈಟ್ರೇಟ್ ಎಂದರೆ ಊಟ ಮುಗಿದ ಮೇಲಿನ ಎಲೆ. ಬಡಿಸಿದ್ದು ಎಷ್ಟು ಎಂದು ಅದನ್ನು ನೋಡಿ ಹೇಳಲು ಬರುವುದಿಲ್ಲ. ಕರಗಿದ್ದರ ಜೊತೆಗೆ ಫಿಲ್ಟರ್ ಮೇಲೆ ಉಳಿದ ಕಣಗಳ ಸಾರಜನಕವನ್ನೂ ಸೇರಿಸಿದರೆ ಮಾತ್ರ ಒಟ್ಟು ಲೆಕ್ಕ ಸಿಗುತ್ತದೆ.

ಕಿಟ್ ಬಿಟ್ಟುಬಿಡಿ. ಅಂಥ ಬಹುತೇಕ ಕಿಟ್‌ಗಳಲ್ಲಿ ಸೊನ್ನೆಯ ನಂತರದ ಮೊದಲ ಬಣ್ಣ ಲೀಟರಿಗೆ 5 ಮಿ.ಗ್ರಾಂ ನೈಟ್ರೇಟ್, ಅಂದರೆ 80 ಮೈಕ್ರೋಮೋಲ್. ಫಾಸ್ಫೇಟಿನ ಮೊದಲ ಮೆಟ್ಟಿಲು 0.25 ಮಿ.ಗ್ರಾಂ, ಅಂದರೆ 2.6 ಮೈಕ್ರೋಮೋಲ್. ಕಡಲ ಪಾಚಿಗೆ ಹಸಿವು ಶುರುವಾಗುವುದು ಸಾರಜನಕ 1 ಮೈಕ್ರೋಮೋಲಿಗಿಂತ, ರಂಜಕ (ಫಾಸ್ಫರಸ್) 0.1–0.2ಕ್ಕಿಂತ ಕೆಳಗಿಳಿದಾಗ. ತೊಟ್ಟಿಯ ನೀರಿಗೆಂದು ಮಾಡಿದ ಕಿಟ್ ಆ ಮಟ್ಟವನ್ನು ಕಾಣುವುದೇ ಇಲ್ಲ. ಪ್ರಯೋಗಾಲಯದ ವರದಿ ಓದುವಾಗಲೂ ಎಚ್ಚರ ಬೇಕು: ‘ನೈಟ್ರೇಟ್’ ಎಂದು ಕೊಟ್ಟಿದ್ದಾರೋ ‘ನೈಟ್ರೇಟ್-ಸಾರಜನಕ’ ಎಂದು ಕೊಟ್ಟಿದ್ದಾರೋ ನೋಡಿ, ಎರಡರ ನಡುವೆ 4.43 ಪಟ್ಟು ವ್ಯತ್ಯಾಸವಿದೆ.

ಮಾದರಿಯ ಬಗ್ಗೆ. ಬಾಟಲಿಯನ್ನು ಸೋಪಿನ ಪುಡಿಯಿಂದ ತೊಳೆಯಬೇಡಿ, ಫಾಸ್ಫೇಟ್ ಅಂಟಿಕೊಂಡಿರುವ ಅಪಾಯವಿದೆ. 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ದೋಣಿಯಲ್ಲಿ ಅದೇ ಮಾದರಿ ನೀರಿನಿಂದ ಮೂರು ಸಲ ಗಲಬರಿಸಿ. 0.7 ಮೈಕ್ರಾನ್ ಗಾಜುನಾರಿನ ಫಿಲ್ಟರ್‌ನಲ್ಲಿ ಸೋಸುವುದು ದೋಣಿಯಲ್ಲೇ ಆಗಬೇಕು. ಬ್ಲೂಮ್ ನೀರನ್ನು ಸೋಸದೆ ಎರಡು ಗಂಟೆ ಬಿಸಿಲಲ್ಲಿಟ್ಟರೆ ಉಳಿದಿದ್ದನ್ನೂ ಪಾಚಿ ಬಾಟಲಿಯೊಳಗೇ ತಿನ್ನುತ್ತದೆ. ಜೋರಾಗಿ ಒತ್ತಿ ಸೋಸಿದರೆ ಕೋಶ ಒಡೆದು ಅಮೋನಿಯಾ ಏರುತ್ತದೆ. ನೈಟ್ರೇಟ್, ಫಾಸ್ಫೇಟ್ ಬಾಟಲಿಗಳು ಮೈನಸ್ 20ಕ್ಕೆ ಹೋಗಲಿ. ಸಿಲಿಕೇಟ್ ಬಾಟಲಿಯನ್ನು ಹೆಪ್ಪುಗಟ್ಟಿಸಬೇಡಿ, ಸಿಲಿಕೇಟ್ ಒಂದಕ್ಕೊಂದು ಕೂಡಿಕೊಂಡು ಆಮೇಲೆ ಬಣ್ಣ ಪೂರ್ತಿ ಬರುವುದಿಲ್ಲ. 4 ಡಿಗ್ರಿಯಲ್ಲಿ ಇಡಿ. ಅಮೋನಿಯಾ ಅವತ್ತೇ ಅಳೆಯಬೇಕು, ಹತ್ತಿರದಲ್ಲಿ ಯಾರೂ ಸಿಗರೇಟು ಸೇದಬಾರದು. ತಳದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಪ್ರಯೋಗಾಲಯಕ್ಕೆ ಮೊದಲೇ ಹೇಳಿ. ಆ ವಾಸನೆಯ ಸಲ್ಫೈಡ್ ಒಳಗೆ ಹೋದರೆ ನೈಟ್ರೇಟ್ ಅಳೆಯಲು ಬಳಸುವ ಕ್ಯಾಡ್ಮಿಯಂ ಕೊಳವೆ (ಕಾಲಮ್) ಕೆಟ್ಟು, ನಂತರದ ಎಲ್ಲ ಮಾದರಿಗಳೂ ಕಡಿಮೆ ತೋರಿಸುತ್ತವೆ.

ಇನ್ನು ಮೂಲ ಎಲ್ಲಿಯದು ಎಂಬುದು. ಒಂದೇ ಜಾಗದಲ್ಲಿ ಹತ್ತು ಸಲ ತೆಗೆಯುವ ಬದಲು, ಒಂದೇ ಇಳಿತದಲ್ಲಿ ಅಳಿವೆ ಬಾಗಿಲಿನಿಂದ ಹೊಳೆಯ ಮೇಲ್ಭಾಗದವರೆಗೆ ಎಂಟು-ಹತ್ತು ಕಡೆ, ಮೇಲ್ಮೈ ಮತ್ತು ತಳ ಎರಡನ್ನೂ ತೆಗೆಯಿರಿ. ಅಡ್ಡ ಗೆರೆಯಲ್ಲಿ ಲವಣಾಂಶ, ಲಂಬ ಗೆರೆಯಲ್ಲಿ ನೈಟ್ರೇಟ್ ಇಟ್ಟು ಚುಕ್ಕೆ ಹಾಕಿ. ಹೊಳೆ ನೀರು, ಕಡಲ ನೀರು ಬರಿದೇ ಬೆರೆತಿದ್ದರೆ ಚುಕ್ಕೆಗಳು ಒಂದು ನೇರ ಗೆರೆಯ ಮೇಲೆ ಕೂರುತ್ತವೆ. ಗೆರೆಗಿಂತ ಕೆಳಗೆ ಜೋತುಬಿದ್ದರೆ ಪಾಚಿ ಹೀರುತ್ತಿದೆ. ನಡುವೆ ಎಲ್ಲೋ ಮೇಲೆ ಉಬ್ಬಿದ್ದರೆ ಅಲ್ಲಿ ಚರಂಡಿಯೋ, ಪಂಜರವೋ, ತಳದ ಕೆಸರೋ ಸುರಿಯುತ್ತಿದೆ. ಇದೇ ಚಿತ್ರವನ್ನು ಅಮೋನಿಯಾಕ್ಕೂ ಬರೆಯಿರಿ, ಪಂಜರದ ಗುರುತು ಮೊದಲು ಕಾಣುವುದು ಅದರಲ್ಲೇ.

ಸೆಪ್ಟೆಂಬರಿನಲ್ಲಿ ನಮ್ಮ ಕರಾವಳಿಗೆ ಒಂದು ವಿಶೇಷವಿದೆ. ಮುಂಗಾರಿನ ಗಾಳಿ ಮತ್ತು ಪ್ರವಾಹದಿಂದ ಅರಬ್ಬಿ ಸಮುದ್ರದ ತಳದ ತಣ್ಣನೆಯ ನೀರು ದಡದ ಕಡೆ ಮೇಲೇರಿ ಬರುತ್ತದೆ. ಅದರಲ್ಲಿ ನೈಟ್ರೇಟ್ ಹೆಚ್ಚು, ಆಮ್ಲಜನಕ ಕಡಿಮೆ. ಅದರ ಮೇಲೆ ಮಳೆ-ಹೊಳೆಯ ಸಿಹಿನೀರಿನ ತೆಳು ಪದರ ಮುಚ್ಚಿಕೊಂಡಿರುತ್ತದೆ. ಬಕೆಟ್ ಅದ್ದಿ ಮೇಲಿನ ನೀರು ಮಾತ್ರ ತೆಗೆದರೆ ಕೆಳಗಿರುವುದು ಗೊತ್ತೇ ಆಗುವುದಿಲ್ಲ. ತಳದ ನೀರು ಉಪ್ಪಾಗಿ, ಮೇಲಿನದಕ್ಕಿಂತ ಮೂರ್ನಾಲ್ಕು ಡಿಗ್ರಿ ತಣ್ಣಗೆ, ಆಮ್ಲಜನಕ ಲೀಟರಿಗೆ 2 ಮಿ.ಗ್ರಾಂ ಆಸುಪಾಸು ಇದ್ದರೆ ನಿಮ್ಮ 14 ಮೈಕ್ರೋಮೋಲಿನ ದೊಡ್ಡ ಪಾಲು ಕಡಲಿನದೇ. ಸಿಹಿನೀರಿನಲ್ಲಿ ಸಿಲಿಕೇಟ್ ಜೊತೆಗೆ ನೈಟ್ರೇಟ್ ಏರಿದ್ದರೆ ಹೊಳೆಯದು. ಅಮೋನಿಯಾ ಮತ್ತು ಫಾಸ್ಫೇಟ್ ಒಟ್ಟಿಗೆ ಏರಿದ್ದರೆ ಚರಂಡಿ ಅಥವಾ ಪಂಜರವನ್ನು ಅನುಮಾನಿಸಿ.

ಸೂಕ್ಷ್ಮದರ್ಶಕ:

ಉಪ್ಪುನೀರು ಅವರು ಹೇಳಿದ್ದು ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಯಾದ ಡಯಾಟಮ್‌ಗೆ ಚೆನ್ನಾಗಿ ಹೊಂದುತ್ತದೆ. ಆದರೆ ಯಾವ ಪಾಚಿ ಎಂದು ನೋಡದೆ ಪೋಷಕಾಂಶದ ಲೆಕ್ಕ ಮುಗಿಸಬೇಡಿ. ನೈಟ್ರೇಟ್ ಬೇಕಿಲ್ಲದವೂ ಇವೆ.

ನೀರು ಟೊಮೆಟೊ ಸಾರಿನ ಬಣ್ಣಕ್ಕೆ ತಿರುಗಿ ರಾತ್ರಿ ಅಲೆ ನೀಲಿಯಾಗಿ ಹೊಳೆದರೆ ನಾಕ್ಟಿಲೂಕಾ. ಗಾಜಿನ ಲೋಟದಲ್ಲಿ ತುಂಬಿಸಿ ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿಯಿರಿ: ಬೆಂದ ಸಾಬಕ್ಕಿಯ ಚೂರುಗಳ ಹಾಗೆ ಪಾರದರ್ಶಕ ಗುಂಡುಗಳು ಮೇಲಕ್ಕೆ ತೇಲಿ, ಒಂದು ಗುಲಾಬಿ ಪದರ ಕಟ್ಟುತ್ತದೆ. ಕೋಶವೊಂದು 0.2ರಿಂದ 2 ಮಿ.ಮೀ. ಇರುವುದರಿಂದ ಬರಿಗಣ್ಣಿಗೇ ಕಾಣುತ್ತದೆ. ಕೆಂಪು ನಾಕ್ಟಿಲೂಕಾ ಗೊಬ್ಬರ ತಿನ್ನುವುದಿಲ್ಲ, ಗೊಬ್ಬರ ತಿಂದ ಡಯಾಟಮನ್ನು ತಿನ್ನುತ್ತದೆ. ಅದಕ್ಕೆ ವಿಷವಿಲ್ಲ. ಆದರೆ ಮೈತುಂಬ ಅಮೋನಿಯಾ ಕೂಡಿಟ್ಟಿರುತ್ತದೆ, ಸತ್ತು ಒಡೆದಾಗ ಅದೆಲ್ಲ ನೀರಿಗೆ. ಉತ್ತರ ಅರಬ್ಬಿ ಸಮುದ್ರದಲ್ಲಿ ಚಳಿಗಾಲಕ್ಕೆ ಹರಡುವ ಹಸಿರು ನಾಕ್ಟಿಲೂಕಾ ಬೇರೆ ಬಗೆ. ಅದರ ಹೊಟ್ಟೆಯೊಳಗೆ ಜೀವಂತ ಹಸಿರು ಪಾಚಿ ಇರುತ್ತದೆ.

ಫೆಬ್ರವರಿಯಿಂದ ಮೇ ಒಳಗೆ, ಕಡಲು ಶಾಂತವಾಗಿದ್ದಾಗ, ಮರದ ಹೊಟ್ಟು ಚೆಲ್ಲಿದಂತೆ ಪಟ್ಟೆ ಪಟ್ಟೆಯಾಗಿ ತೇಲುವುದು ಟ್ರೈಕೋಡೆಸ್ಮಿಯಂ. ಇದು ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ರಂಜಕ ಮತ್ತು ಕಬ್ಬಿಣ. ಇದು ತೇಲುವುದರಿಂದ ತಳಕ್ಕಿಳಿಯಲು ಬಿಟ್ಟು ಎಣಿಸಿದರೆ ಲೆಕ್ಕ ಕಡಿಮೆ ಬರುತ್ತದೆ, ಫಿಲ್ಟರ್ ಮೇಲೆ ಎಣಿಸಬೇಕು.

ಪಂಜರದವರು ನಿಜವಾಗಿ ಹೆದರಬೇಕಾದದ್ದು ಮೀನು ಕೊಲ್ಲುವ ಚಾಟೊನೆಲ್ಲಾದಂಥ ಪಾಚಿಗಳಿಗೆ. ಕೋಳಿಕ್ಕೋಡ್ ಕಡಲಲ್ಲಿ 2002 ಮತ್ತು 2003ರಲ್ಲಿ ಮೀನು ಸತ್ತದ್ದು ಅದರಿಂದ. ನೀರಿನ ಬಣ್ಣ ನಿಮ್ಮಲ್ಲಿ ಹೇಳಿದ ಹಾಗೆಯೇ ಕಂದು-ಹಸಿರು. ಕಿವಿರಿಗೆ ಪೆಟ್ಟು ಬಿದ್ದು, ಆಮ್ಲಜನಕ ಸಾಕಷ್ಟಿದ್ದರೂ ಮೀನು ಉಸಿರುಗಟ್ಟುತ್ತದೆ. ಅದಕ್ಕೆ ಗಟ್ಟಿ ಕೋಶಭಿತ್ತಿ ಇಲ್ಲ, ಫಾರ್ಮಾಲಿನ್ ಹಾಕಿದ ತಕ್ಷಣ ಕರಗಿಹೋಗುತ್ತದೆ. ‘ಮಾದರಿಯಲ್ಲಿ ಏನೂ ಸಿಗಲಿಲ್ಲ’ ಎಂಬ ವರದಿಗೆ ಎಷ್ಟೋ ಸಲ ಕಾರಣ ಇದೇ. ಹಾಗಾಗಿ ಎರಡು ಬಾಟಲಿ ಬೇಕು. ಒಂದು ಜೀವಂತ ನೀರು, ಅರ್ಧ ಖಾಲಿ ಬಿಟ್ಟು, ನೆರಳಲ್ಲಿ, ಐಸ್ ತಾಗಿಸದೆ, ಕೆಲವೇ ಗಂಟೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ. ಇನ್ನೊಂದಕ್ಕೆ ಪಾಚಿ ಕೆಡದಂತೆ ಇಡುವ ಲುಗಾಲ್ ಅಯೋಡಿನ್ ದ್ರಾವಣ, 100 ಮಿ.ಲೀ.ಗೆ ಅರ್ಧದಿಂದ ಒಂದು ಮಿ.ಲೀ., ಹಾಲಿಲ್ಲದ ಚಹಾದ ಬಣ್ಣ ಬರುವಷ್ಟು.

ಅಳಿವೆ_ಪಂಜರ:

ಇಬ್ಬರಿಗೂ ಧನ್ಯವಾದ. ಲುಗಾಲ್ ಇದೆ, ಜೀವಂತ ಮಾದರಿ ನಾಳೆ ಬೆಳಿಗ್ಗೆಯೇ ತೆಗೆಸುತ್ತೇನೆ. ಅಷ್ಟರಲ್ಲಿ ಪಂಜರದಲ್ಲಿ ಏನು ಮಾಡಬೇಕು? ಏರೇಟರ್ ಇದೆ. ಮೈಲುತುತ್ತ ಅಥವಾ ಜೇಡಿಮಣ್ಣು ಎರಚಿ ಎಂದು ಕೆಲವರು ಹೇಳಿದರು.

ಮೀನುಗೂಡು:

ಮೈಲುತುತ್ತ ಬೇಡವೇ ಬೇಡ. ಬ್ಲೀಚಿಂಗ್ ಪುಡಿಯೂ ಬೇಡ. ಕೋಶ ಒಡೆದು ಒಳಗಿನ ವಿಷ, ಅಮೋನಿಯಾ ಎಲ್ಲ ಒಮ್ಮೆಗೇ ನೀರಿಗೆ ಬರುತ್ತದೆ, ಮೀನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಜೇಡಿಮಣ್ಣು ದಕ್ಷಿಣ ಕೊರಿಯಾದಲ್ಲಿ 1996ರಿಂದ ಬಳಕೆಯಲ್ಲಿರುವುದು ನಿಜ, ಚದರ ಮೀಟರಿಗೆ 100ರಿಂದ 400 ಗ್ರಾಂ. ಅದು ಅಲ್ಲಿನ ಆಳದ ಕೊಲ್ಲಿಗಳಿಗೆ ಸರಿ. ನಿಮ್ಮ ಮೂರು ಮೀಟರ್ ಆಳದಲ್ಲಿ ಅದು ಪಾಚಿಯನ್ನು ಕಟ್ಟಿಕೊಂಡು ಪಂಜರದ ಅಡಿಗೇ ಇಳಿದು ಅಲ್ಲೇ ಕೊಳೆಯುತ್ತದೆ, ಇಲ್ಲವೇ ಇಳಿತಕ್ಕೆ ಪಚ್ಚಿಲೆ ಹಗ್ಗಗಳ ಮೇಲೆ ಹೋಗಿ ಕೂರುತ್ತದೆ.

ಮೊದಲು ಆಹಾರ ನಿಲ್ಲಿಸಿ, ಇವತ್ತೇ. ತಿಂದ ಮೀನಿಗೆ ಆಮ್ಲಜನಕ ಹೆಚ್ಚು ಬೇಕು. ದೊಡ್ಡ ಕುರುಡಿ ನಾಲ್ಕೈದು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ಮರಿಗಳಿದ್ದರೆ ಗಾತ್ರ ನೋಡಿ ಬೇರೆ ಮಾಡಿಡಿ, ಹಸಿದರೆ ಒಂದನ್ನೊಂದು ತಿನ್ನುತ್ತವೆ. ಎರಡನೆಯದು, ಬಲೆಗೆ ಹಿಡಿದಿರುವ ಪಾಚಿ, ಚಿಪ್ಪು ತೆಗೆಯಿರಿ. ಆದರೆ ಬ್ಲೂಮ್ ನಡುವೆ ಮೀನನ್ನು ಎತ್ತಿ ಬಲೆ ಬದಲಿಸಬೇಡಿ. ಮೂರನೆಯದು, ಆಮ್ಲಜನಕವನ್ನು ಮಧ್ಯಾಹ್ನ ಅಳೆದು ಸಮಾಧಾನಪಡಬೇಡಿ. ಬ್ಲೂಮ್ ನೀರಿನಲ್ಲಿ ಮಧ್ಯಾಹ್ನ ಲೀಟರಿಗೆ 10 ಮಿ.ಗ್ರಾಂ ತೋರಿಸಿದ್ದು ಬೆಳಗಿನ ಜಾವ 3ಕ್ಕಿಂತ ಕೆಳಗೆ ಬರುವುದು ಸಾಮಾನ್ಯ. ನಾಲ್ಕರಿಂದ ಆರು ಗಂಟೆಯೊಳಗೆ, ಪಂಜರದ ಒಳಗೆ, ಮೇಲೆ ಮತ್ತು ತಳದಲ್ಲಿ ಅಳೆಯಿರಿ. ಮೀಟರಿಗೆ ಲವಣಾಂಶ ತುಂಬಿದ್ದೀರಾ? 30 ಡಿಗ್ರಿಯ, 33 ಲವಣಾಂಶದ ನೀರಿನಲ್ಲಿ ಹಿಡಿಯುವುದೇ 6.3 ಮಿ.ಗ್ರಾಂ. ಸಿಹಿನೀರಿನ ಸೆಟ್ಟಿಂಗ್‌ನಲ್ಲಿ ಬಿಟ್ಟರೆ ಅದೇ ನೀರಿಗೆ 7.5 ತೋರಿಸುತ್ತದೆ. ನಿಜ 3.3 ಇದ್ದಾಗ ನೀವು 4 ಎಂದುಕೊಂಡಿರುತ್ತೀರಿ.

ಏರೇಟರ್ ಹಾಕುವ ಮುಂಚೆ ತಳದ ನೀರು ಅಳೆಯಿರಿ. ತಳದಲ್ಲಿ 1–2 ಮಿ.ಗ್ರಾಂ ಮಾತ್ರ ಇದ್ದರೆ, ಕೆಳಗಿನಿಂದ ಗುಳ್ಳೆ ಬಿಡುವ ಕೊಳವೆ ಆ ಸತ್ತ ನೀರನ್ನೇ ಮೇಲಕ್ಕೆ ಎತ್ತಿ ಮೀನಿಗೆ ಕೊಡುತ್ತದೆ. ಕೊಳವೆಯ ಬಾಯನ್ನು ಮೇಲಿನ ಒಂದು-ಒಂದೂವರೆ ಮೀಟರಿನೊಳಗೇ ಇಡಿ. ಪಿಎಚ್ ಕೂಡ ನೋಡಿ. ಬ್ಲೂಮ್ ಮಧ್ಯಾಹ್ನ ಅದನ್ನು 8.8ರವರೆಗೂ ಏರಿಸಬಹುದು. 30 ಡಿಗ್ರಿಯಲ್ಲಿ, ಪಿಎಚ್ 8.2 ಇದ್ದಾಗ ಒಟ್ಟು ಅಮೋನಿಯಾದ ಸುಮಾರು ಹತ್ತನೇ ಒಂದು ಭಾಗ ವಿಷರೂಪದಲ್ಲಿರುತ್ತದೆ, 8.8ಕ್ಕೆ ಕಾಲು ಭಾಗ ದಾಟುತ್ತದೆ.

ಈಗ ಊರಿನವರ ಮಾತು. ಅದಕ್ಕೆ ಸಿಟ್ಟಾಗಬೇಡಿ, ಲೆಕ್ಕ ಹಾಕಿ ತೋರಿಸಿ. 45% ಪ್ರೋಟೀನಿನ ಒಂದು ಟನ್ ಪೆಲೆಟ್‌ನಲ್ಲಿ 72 ಕಿಲೋ ಸಾರಜನಕವಿದೆ. ಒಂದು ಟನ್ ಕುರುಡಿ ಬೆಳೆಸಲು 1.8 ಟನ್ ಪೆಲೆಟ್ ಹಿಡಿದರೆ 130 ಕಿಲೋ. ಅದರಲ್ಲಿ ಮೀನಿನ ಮೈ ಸೇರುವುದು ಸುಮಾರು 28, ಉಳಿದ 100 ಕಿಲೋ ಚಿಲ್ಲರೆ ನೀರಿಗೆ. ಬೂತಾಯಿ ಕತ್ತರಿಸಿ ಹಾಕುವವರು ಐದೂವರೆ ಟನ್ ಹಾಕಿದರೆ ನೀರಿಗೆ 130 ಕಿಲೋ ದಾಟುತ್ತದೆ. 100 ಹೆಕ್ಟೇರ್, ಸರಾಸರಿ ಎರಡು ಮೀಟರ್ ಆಳದ ಅಳಿವೆ ಎಂದರೆ 200 ಕೋಟಿ ಲೀಟರ್. 200 ದಿನದ ಬೆಳೆಯಲ್ಲಿ ಟನ್ನಿಗೆ ದಿನಕ್ಕೆ ಅರ್ಧ ಕಿಲೋ ಬಿತ್ತು, ನೀರು ಐದು ದಿನಕ್ಕೊಮ್ಮೆ ಬದಲಾಯಿತು ಎಂದುಕೊಳ್ಳಿ. ನೀರಿನಲ್ಲಿ ಏರುವುದು ಟನ್ನಿಗೆ 0.09 ಮೈಕ್ರೋಮೋಲ್. ಹತ್ತು ಟನ್ನಿಗೆ ಒಂದೂ ಆಗಲಿಲ್ಲ. ಐವತ್ತು ಟನ್ ಇದ್ದರೆ 4.5, ಅದು ಕಾಣುವಷ್ಟು. ಬೇಸಿಗೆಯಲ್ಲಿ ಅಳಿವೆ ಬಾಗಿಲಿಗೆ ಮರಳಿನ ದಿಬ್ಬ ಬಂದು ನೀರು ಬದಲಾಗಲು 25 ದಿನ ಹಿಡಿದರೆ ಅದೇ ಐವತ್ತು ಟನ್ 22 ಮೈಕ್ರೋಮೋಲ್ ಆಗುತ್ತದೆ. ಕೆಸರಿಗೆ ಹೋಗುವ ಪಾಲನ್ನು ಇದರಲ್ಲಿ ಕಳೆದಿಲ್ಲ, ಹಾಗಾಗಿ ಇದು ಮೇಲಿನ ಮಿತಿ. ಸೆಪ್ಟೆಂಬರಿನ ಬ್ಲೂಮ್‌ಗೆ ಪಂಜರ ಕಾರಣವಾಗುವ ಸಾಧ್ಯತೆ ಕಡಿಮೆ. ಏಪ್ರಿಲ್‌ನಲ್ಲಿ, ಬಾಗಿಲು ಕಟ್ಟಿಕೊಂಡಾಗ, ಊರಿನವರ ಮಾತು ಸರಿಯಾಗಬಹುದು. ಎಷ್ಟು ಟನ್ ಮೀನು ಹಾಕಬೇಕು ಎಂಬುದನ್ನು ಆ ತಿಂಗಳ ಲೆಕ್ಕದಿಂದ ನಿರ್ಧರಿಸಬೇಕು.

ಸೂಕ್ಷ್ಮದರ್ಶಕ:

ಪಚ್ಚಿಲೆಯ ಪ್ರಶ್ನೆ ಉಳಿದುಬಿಟ್ಟಿತು, ನನಗೆ ಎಲ್ಲಕ್ಕಿಂತ ಮುಖ್ಯ ಅದೇ. ಮಾದರಿಯ ಉತ್ತರ ಬರುವವರೆಗೆ ಪಚ್ಚಿಲೆ, ಮರುವಾಯಿ ಎರಡನ್ನೂ ತೆಗೆಯಬೇಡಿ, ಮಾರಬೇಡಿ, ಮನೆಯಲ್ಲೂ ಬೇಡ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಚಿಪ್ಪು ತಿಂದವರಿಗೆ ಪಾರ್ಶ್ವವಾಯು ತರುವ ವಿಷ ತಗಲಿದ್ದು ದಾಖಲಾಗಿದೆ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಇದೇ ಬಗೆಯ ವಿಷದಿಂದ 7 ಜನ ತೀರಿಕೊಂಡರು, ಸುಮಾರು 500 ಜನ ಆಸ್ಪತ್ರೆ ಸೇರಿದರು. ಬೇಯಿಸಿದರೆ, ಹುಳಿ ಹಿಂಡಿದರೆ, ಹುರಿದರೆ ಈ ವಿಷ ಹೋಗುವುದಿಲ್ಲ. ಬೇಯಿಸಿದ ನೀರಿಗೂ ಇಳಿದಿರುತ್ತದೆ. ಈ ವಿಷ ತಯಾರಿಸುವ ಅಲೆಕ್ಸಾಂಡ್ರಿಯಂ ಎಂಬ ಪಾಚಿ ಲೀಟರಿಗೆ ಸಾವಿರದ ಲೆಕ್ಕದಲ್ಲಿ ಇದ್ದರೂ ಸಾಕು, ನೀರು ತಿಳಿಯಾಗಿಯೇ ಕಾಣುತ್ತದೆ, ಪಚ್ಚಿಲೆ ಮಾತ್ರ ದಿನವಿಡೀ ಸೋಸಿ ಕೂಡಿಸಿಕೊಂಡಿರುತ್ತದೆ. ಹಾಗಾಗಿ ಬಣ್ಣ ಹೋಯಿತು ಎಂದು ಕೊಯ್ಲು ಶುರು ಮಾಡಬಾರದು. ಮಾಂಸವನ್ನೇ ಪರೀಕ್ಷೆಗೆ ಕಳಿಸಬೇಕು, ಕಿಲೋಗೆ 800 ಮೈಕ್ರೋಗ್ರಾಂ ಸ್ಯಾಕ್ಸಿಟಾಕ್ಸಿನ್‌ಗೆ (ಈ ವಿಷದ ಹೆಸರು) ಸಮಾನ ಎಂಬುದು ಮಿತಿ. ತಿಂದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ತುಟಿ-ನಾಲಿಗೆ ಜುಮುಜುಮು ಅಂದರೆ ವಾಂತಿ ಮಾಡಿಸುತ್ತ ಮನೆಯಲ್ಲಿ ಕೂರದೆ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಓಡಿ. ಪ್ರತ್ಯೌಷಧಿ ಇಲ್ಲ. ಉಸಿರಾಟಕ್ಕೆ ಆಸರೆ ಸಿಕ್ಕರೆ ಜೀವ ಉಳಿಯುತ್ತದೆ.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಉಪಗ್ರಹ ಆಧರಿಸಿ ಬ್ಲೂಮ್ ಮಾಹಿತಿ ಕೊಡುತ್ತದೆ. ಮುಂಗಾರಿನ ಮೋಡದಡಿಯಲ್ಲಿ ಆ ಕಣ್ಣಿಗೆ ಏನೂ ಕಾಣುವುದಿಲ್ಲ, ಅಳಿವೆಯೊಳಗಿನದು ಹೇಗೂ ಕಾಣದು. ಅದು ಸ್ವಚ್ಛ ತೋರಿಸಿತು ಎಂದು ಪಚ್ಚಿಲೆ ತೆಗೆಯಬೇಡಿ.

ಉಪ್ಪುನೀರು:

ಒಂದು ಸಣ್ಣ ಸೇರ್ಪಡೆ. ಲುಗಾಲ್ ಮಾದರಿಗೆ ಗಾಜಿನ ಬಾಟಲಿ ಬಳಸಿ. ಪ್ಲಾಸ್ಟಿಕ್ ಅಯೋಡಿನ್ ಹೀರುತ್ತದೆ, ಕೆಲವು ವಾರದಲ್ಲಿ ಚಹಾದ ಬಣ್ಣ ಹೋಗಿ ಮಾದರಿ ಕೊಳೆಯುತ್ತದೆ. ನಾಳೆಯ ಬಾಟಲಿಗಳ ಮೇಲೆ ದಿನಾಂಕದ ಜೊತೆ ಉಬ್ಬರವೋ ಇಳಿತವೋ ಎಂಬುದನ್ನೂ ಪೆನ್ಸಿಲ್‌ನಲ್ಲಿ ಬರೆಯಿರಿ. ಮೊದಲ ಮಾದರಿ ಇಳಿತದ್ದು, ಎರಡನೆಯದು ಉಬ್ಬರದ್ದು ಆಗಿದ್ದರೆ ನೀವು ಹೋಲಿಸುತ್ತಿರುವುದು ಎರಡು ಬೇರೆ ನೀರುಗಳನ್ನು, ನಾನು ಮೇಲೆ ಹಾಕಿದ 13.7ರ ಲೆಕ್ಕವೂ ಆಗ ನಿಲ್ಲುವುದಿಲ್ಲ. ಅದನ್ನು ನೋಡಿ ಇಲ್ಲೇ ತಿಳಿಸಿ.