ಶನಿವಾರದ ಮೀನು ಮತ್ತು ಸುಮ್ಮನಿದ್ದವರು

ಭಟ್ಕಳದ ಓದುಗ: ಈ ವಾರದ ಜುಮಾ ಖುತ್ಬಾದಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಶನಿವಾರದವರ ಕಥೆ ಬಂತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಡಲ ದಂಡೆಯ ಒಂದು ಊರು, ಇಸ್ರಾಯೀಲ್ ಸಂತತಿಯವರು. ಶನಿವಾರ ಮೀನು ಹಿಡಿಯಬಾರದೆಂಬ ಕಟ್ಟಳೆ. ಪರೀಕ್ಷೆಯೆಂಬಂತೆ ಶನಿವಾರವೇ ಮೀನು ನೀರಿನ ಮೇಲೆ ಕಾಣಿಸಿಕೊಳ್ಳುತ್ತಿತ್ತು, ಉಳಿದ ದಿನ ಸುಳಿವೇ ಇಲ್ಲ. ವ್ಯಾಖ್ಯಾನಕಾರರ ಪ್ರಕಾರ ಜಾಣರು ಶುಕ್ರವಾರವೇ ಬಲೆ ಬಿಟ್ಟು ಭಾನುವಾರ ಎತ್ತಿದರು. ಕೆಲವರು ತಡೆದರು. ಇನ್ನು ಕೆಲವರು ತಡೆದವರನ್ನೇ ‘ಅಲ್ಲಾಹನು ನಾಶಮಾಡಲಿರುವ ಜನರಿಗೆ ಉಪದೇಶವೇಕೆ?’ ಎಂದು ಕೇಳಿದರು. ಕೊನೆಗೆ ತಡೆದವರು ಪಾರಾದರು, ಮೀರಿದವರು ಕಪಿಗಳಾದರು (ಕುರ್‌ಆನ್ 7:163–166). ಸುಮ್ಮನಿದ್ದವರೂ ಮೀರಿದವರ ಜೊತೆಗೇ ಹೋದರು ಎಂಬುದು ನನ್ನ ನಿಲುವು. ನಮ್ಮ ಬಂದರುಗಳಲ್ಲಿ ಕಾನೂನು ಮುರಿಯುವುದನ್ನು ನೋಡಿಯೂ ಬಾಯಿ ಬಿಡದವರಿಗೆ ಇದು ಹೇಳಿ ಮಾಡಿಸಿದ ಕಥೆ.

ಶಿರಸಿ ವಕೀಲ: ‘ಜೊತೆಗೇ ಹೋದರು’ ಎಂದು ಎಲ್ಲಿದೆ? ಅಲ್ಲಿ ಎರಡು ಗುಂಪುಗಳ ಗತಿ ಮಾತ್ರ ಹೇಳಿದೆ. ಮೂರನೆಯದರ ಬಗ್ಗೆ ಪ್ರವಾದಿಯವರ ಸಂಗಾತಿ, ಕುರ್‌ಆನ್ ವ್ಯಾಖ್ಯಾನಕಾರ ಇಬ್ನ್ ಅಬ್ಬಾಸರಿಗೇ ಸಂದೇಹವಿತ್ತು. ‘ಆ ಕೃತ್ಯ ಅವರಿಗೆ ಒಪ್ಪಿಗೆಯಿರಲಿಲ್ಲ, ನಾಶವಾಗುವ ಜನ ಎಂದದ್ದೇ ಅದಕ್ಕೆ ಸಾಕ್ಷಿ’ ಎಂದು ಶಿಷ್ಯ ಇಕ್ರಿಮಾ ವಾದಿಸಿದಾಗ ಮೆಚ್ಚಿ ವಸ್ತ್ರದ ಉಡುಗೊರೆ ಕೊಟ್ಟರು. ಸಂಶಯದ ಲಾಭ ಆರೋಪಿಗೆ.

ಹೊನ್ನಾವರದ ಮಾಸ್ತರ್: ವಕೀಲರಿಗೆ ಕಥೆಯಲ್ಲೂ ಆರೋಪಿಯೇ ಕಾಣುತ್ತಾನೆ. ಬುಖಾರಿ ಸಂಗ್ರಹದಲ್ಲಿರುವ ಹಡಗಿನ ಹದೀಸ್ (ಪ್ರವಾದಿ ವಚನ) ಓದಿದ್ದೀರಾ? ಚೀಟಿ ಎತ್ತಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಗಿನದು. ನೀರಿಗಾಗಿ ಮತ್ತೆ ಮತ್ತೆ ಮೇಲೆ ಹತ್ತಬೇಕಾದ ಕೆಳಗಿನವರು ‘ನಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯೋಣ, ಮೇಲಿನವರಿಗೂ ತೊಂದರೆಯಿಲ್ಲ’ ಎನ್ನುತ್ತಾರೆ. ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ‘ನನಗೆ ಒಪ್ಪಿಗೆಯಿರಲಿಲ್ಲ’ ಎಂದವನಿಗೆಂದು ಆ ಹಡಗಿನಲ್ಲಿ ಬೇರೆ ದೋಣಿ ಇತ್ತೇ?

ಬೈತಖೋಲ ತಾಂಡೇಲ: ಹಡಗು ಆಮೇಲೆ. ‘ನಮ್ಮ ಬಂದರುಗಳಲ್ಲಿ ಕಾನೂನು ಮುರಿಯುವುದು’ ಎಂದದ್ದು ಯಾರಿಗೆ? ಆ ಊರಿನವರಿಗೆ ವಾರಕ್ಕೊಂದು ದಿನ ತಡೆದುಕೊಳ್ಳಲಾಗಲಿಲ್ಲ. ನಾವು ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಟ್ಟಿಹಾಕುತ್ತೇವೆ. ಖಲಾಸಿಗಳಿಗೆ ಕೊಟ್ಟ ಮುಂಗಡ, ಬ್ಯಾಂಕಿನ ಬಡ್ಡಿ ಯಾವುದೂ ನಿಲ್ಲುವುದಿಲ್ಲ. ಮೊದಲು ಅದನ್ನು ಬರೆಯಿರಿ.

ಅಂಕೋಲಾ ನಾಡದೋಣಿ: 61 ದಿನದ ಲೆಕ್ಕ ಸರಿ. ಉಳಿದ ದಿನಗಳದ್ದೂ ಕೊಡಿ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿ, ಕಡಲ ಅಂಚು ಜಾತ್ರೆಯ ಬಯಲಿನಂತೆ ಬೆಳಗಿರುತ್ತದೆ. ಬೆಳಗಾದರೆ ಬಂದರಿನಲ್ಲಿ ಕ್ರೇಟಿನ ತುಂಬ ಬೆರಳುದ್ದದ ಬಂಗುಡೆ, ಮೈಗಿಂತ ಕಣ್ಣೇ ದೊಡ್ಡದು. ಐಸ್ ಹಾಕುವ ಗೋಜಿಗೂ ಹೋಗುವುದಿಲ್ಲ, ಏಕೆಂದರೆ ಅದು ಊಟಕ್ಕಲ್ಲ, ಮೀನುಪುಡಿ ಕಾರ್ಖಾನೆಗೆ. ಲಾರಿಯಿಂದ ಹೆದ್ದಾರಿಯುದ್ದಕ್ಕೂ ಸೋರುವ ನೀರಿನ ವಾಸನೆ ಹಿಡಿದು ಹೋದರೆ ವಿಳಾಸವೇ ಸಿಗುತ್ತದೆ.

ಬೈತಖೋಲ ತಾಂಡೇಲ: ‘ಊಟಕ್ಕಲ್ಲ’ವಂತೆ! ಮಳೆಗಾಲದಲ್ಲಿ ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ದಂಡೆಗೆ ತರುವವರು ಯಾರು ತಮ್ಮಾ? ನಾಡದೋಣಿಗೆ ವಿನಾಯಿತಿ ಇರುವುದು 10 ಅಶ್ವಶಕ್ತಿಯವರೆಗಿನ ಮೋಟಾರಿಗೆ. ಹತ್ತರ ಹೆಸರಿನಲ್ಲಿ ಎಷ್ಟರದ್ದು ಓಡುತ್ತಿದೆ ಎಂದು ನಿಮ್ಮ ದಂಡೆಯಲ್ಲೇ ಕೇಳಿ. ಶುಕ್ರವಾರವೇ ಬಲೆ ಬಿಡುವ ಜಾಣತನ ಅದೇ ಅಲ್ಲವೇ?

ಶಿರಸಿ ವಕೀಲ: ‘ವಿನಾಯಿತಿ’ ಕಾನೂನೇ ಕೊಟ್ಟದ್ದು. ಶನಿವಾರದವರು ತಾವೇ ಸೃಷ್ಟಿಸಿಕೊಂಡದ್ದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಅಂಕೋಲಾ ನಾಡದೋಣಿ: ಬುಟ್ಟಿಯ ಮಾತು ಘಟ್ಟದ ಮೇಲಿನವರಿಗೆ ಏಕೆ? ನೀವು ಮೀನು ನೋಡುವುದು ತಟ್ಟೆಯಲ್ಲಿ.

ಶಿರಸಿ ವಕೀಲ: ನಾನು ಮೀನು ತಿನ್ನುವುದೇ ಇಲ್ಲ.

ಬೈತಖೋಲ ತಾಂಡೇಲ: ಹಾಗಾದರೆ ಇಲ್ಲಿ ನಿಮಗೇನು ಕೆಲಸ?

ಭಟ್ಕಳದ ಓದುಗ: ದಯವಿಟ್ಟು ವಿಷಯಕ್ಕೆ ಬನ್ನಿ. ಹಾನಿ ಮಾಡಬಾರದೆಂದು ಹೇಳಿದ್ದ ಪ್ರವಾದಿ ಸಾಲಿಹರ ಒಂಟೆಯನ್ನು ಕಡಿದವನು ಒಬ್ಬನೇ (ಕುರ್‌ಆನ್ 54:29). ಆದರೂ 91ನೇ ಅಧ್ಯಾಯ ಆ ಪಾಪವನ್ನು ಸಮೂದ್ ಜನಾಂಗದ ಮೇಲೇ ಹೊರಿಸುತ್ತದೆ, ಶಿಕ್ಷೆಯೂ ಇಡೀ ಜನಾಂಗಕ್ಕೆ. ಕತ್ತಿ ಹಿಡಿದದ್ದು ಒಂದು ಕೈ, ಉಳಿದವರು ನೋಡುತ್ತಾ ನಿಂತರು.

ಶಿರಸಿ ವಕೀಲ: ‘ಇಡೀ ಜನಾಂಗ’ ಅಲ್ಲ. ಸಾಲಿಹರೂ ಅವರೊಂದಿಗೆ ವಿಶ್ವಾಸವಿಟ್ಟವರೂ ಪಾರಾದರು, 11:66 ನೋಡಿ. 5:105ನ್ನೂ ನೋಡಿ: ನಿಮ್ಮ ಹೊಣೆ ನಿಮ್ಮದು, ನೀವು ಸರಿದಾರಿಯಲ್ಲಿದ್ದರೆ ದಾರಿ ತಪ್ಪಿದವರು ನಿಮಗೆ ಹಾನಿ ಮಾಡಲಾರರು. ಇದಕ್ಕಿಂತ ಸ್ಪಷ್ಟ ಬೇಕೇ?

ಹೊನ್ನಾವರದ ಮಾಸ್ತರ್: ನೀವು ಈ ಸೂಕ್ತವನ್ನೇ ತರುತ್ತೀರೆಂದು ಕಾಯುತ್ತಿದ್ದೆ! ಇದನ್ನು ಓದಿ ಕೈಕಟ್ಟಿ ಕೂತವರಿಗೆ ಮೊದಲ ಖಲೀಫ ಅಬೂಬಕರರೇ ಉತ್ತರ ಕೊಟ್ಟಿದ್ದಾರೆ. ನೀವು ಇದನ್ನು ಸಲ್ಲದ ಕಡೆ ಬಳಸುತ್ತಿದ್ದೀರಿ, ಅಕ್ರಮಿಯನ್ನು ಕಂಡೂ ಜನ ಅವನ ಕೈ ಹಿಡಿಯದಿದ್ದರೆ ಶಿಕ್ಷೆ ಎಲ್ಲರನ್ನೂ ಆವರಿಸೀತೆಂದು ಪ್ರವಾದಿಯವರಿಂದ ಕೇಳಿದ್ದೇನೆ ಎಂದರು. ಅಬೂ ದಾವೂದ್, ತಿರ್ಮಿದಿ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಅರ್ಧ ಓದಿ ವಾದಕ್ಕಿಳಿಯುವುದು ಕೋರ್ಟಿನಲ್ಲಿ ನಡೆಯಬಹುದು.

ಬೈತಖೋಲ ತಾಂಡೇಲ: ‘ಕೈ ಹಿಡಿಯುವುದು’ ಕುರ್ಚಿಯಲ್ಲಿ ಕೂತವರಿಗೆ ಸುಲಭ ಮಾಸ್ತರೇ. ನಡುಕಡಲಲ್ಲಿ, ಕತ್ತಲಲ್ಲಿ, ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟಿನ ಎದುರು ಒಂದು ನಾಡದೋಣಿ ಅಡ್ಡ ನಿಂತರೆ ಏನಾಗುತ್ತದೆಂದು ಒಮ್ಮೆ ಬಂದು ನೋಡಿ. ಗಸ್ತಿಗೆ ಸಂಬಳ ಪಡೆಯುವವರು ಬೇರೆ ಇದ್ದಾರೆ.

ಹೊನ್ನಾವರದ ಮಾಸ್ತರ್: ಅದಕ್ಕೇ ಮೂರು ಮೆಟ್ಟಿಲು. ಕೆಡುಕನ್ನು ಕಂಡವನು ಕೈಯಿಂದ ತಿದ್ದಲಿ, ಆಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದ. ಸಹೀಹ್ ಮುಸ್ಲಿಮ್.

ಶಿರಸಿ ವಕೀಲ: ‘ಮನಸ್ಸಿನಿಂದ’. ಅಂತೂ ನನ್ನ ಮಾತಿಗೇ ಬಂದಿರಿ.

ಹೊನ್ನಾವರದ ಮಾಸ್ತರ್: ಅದು ವಿಶ್ವಾಸದ ಅತ್ಯಂತ ದುರ್ಬಲ ಸ್ಥಿತಿ ಎಂದು ಅದೇ ಹದೀಸಿನಲ್ಲಿದೆ. ಮುಂದಿನ ಸಾಲು ಓದುವ ಅಭ್ಯಾಸ ನಿಮಗೆ ಇದ್ದಂತಿಲ್ಲ.

ಭಟ್ಕಳದ ಓದುಗ: ಕೈ ಬೇಡ, ನಾಲಗೆಯಾದರೂ ಆಗಲಿ. ನಾಡದೋಣಿಯವರೇ, ದೀಪ ಹಾಕುವ ಬೋಟುಗಳನ್ನು ನೀವು ಕಣ್ಣಾರೆ ಕಂಡಿದ್ದೀರಿ. ನಂಬರ್ ಬರೆಯಿರಿ, ಎಲ್ಲರೂ ಸಹಿ ಹಾಕಿ ದೂರು ಕೊಡೋಣ.

ಅಂಕೋಲಾ ನಾಡದೋಣಿ: ಬರೆದರೆ ಮರುದಿನ ನನ್ನ ಮೀನಿಗೆ ಹರಾಜು ಕೂಗುವವರೇ ಇರುವುದಿಲ್ಲ. ದೋಣಿ ಎಳೆಯಲು ಕೈ ಕೊಡುವವರೂ ಅವರ ಪೈಕಿಯೇ.

ಬೈತಖೋಲ ತಾಂಡೇಲ: ನೋಡಿ, ಮೂರನೇ ಗುಂಪಿನವರು ಸಿಕ್ಕರು.

ಅಂಕೋಲಾ ನಾಡದೋಣಿ: ಮೊದಲನೇ ಗುಂಪಿನವರಿಗೆ ಗುರುತು ಬೇಗ ಹತ್ತುತ್ತದೆ. ನಿಮ್ಮ ಬೋಟಿನಲ್ಲಿ ಜನರೇಟರ್ ಏಕಿದೆ ಅಣ್ಣಾ?

ಬೈತಖೋಲ ತಾಂಡೇಲ: ಅಡುಗೆಮನೆಯ ಬಲ್ಬಿಗೆ.

ಶಿರಸಿ ವಕೀಲ: ಮೂರನೇ ಗುಂಪು ಪಾರಾಯಿತು ಎಂಬ ಇಕ್ರಿಮಾರ ವಾದವನ್ನು ಮೇಲೆ ಬರೆದಿದ್ದೇನೆ. ನಾಡದೋಣಿಯವರು ಅದನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಅಂಕೋಲಾ ನಾಡದೋಣಿ: ಘಟ್ಟದ ಮೇಲಿನ ವಕಾಲತ್ತು ನನಗೆ ಬೇಡ.