ಶಿರಸಿ ಕಡೆಯ ದಾರಿಗೆ ಮುಂದಿನ ಶಾಕ್ ಬದಲಿಸಬೇಕು, ನಿಮ್ಮ ಅನುಭವ ಹೇಳಿ

ಕೇಳಿದ್ದು, ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನದು 27.5 ಇಂಚು ಚಕ್ರದ ಹಾರ್ಡ್‌ಟೇಲ್ ಸೈಕಲ್ (ಮುಂದೆ ಮಾತ್ರ ಶಾಕ್ ಇರುವುದು), ತಗೊಂಡು ಐದು ವರ್ಷ ಆಯಿತು. ಮುಂದಿನ ಫೋರ್ಕ್, ಅಂದರೆ ಚಕ್ರ ಹಿಡಿಯುವ ಶಾಕಿನ ಕವಲು, ಸೈಕಲ್ ಜೊತೆಗೇ ಬಂದದ್ದು. ಒಳಗೆ ಸ್ಪ್ರಿಂಗ್, 100 ಮಿಮೀ ಟ್ರ್ಯಾವೆಲ್ (ಒತ್ತಿದರೆ ಅಷ್ಟು ಕುಗ್ಗುತ್ತದೆ). ಈ ಮಳೆಗಾಲ ಕಳೆದ ಮೇಲೆ ಅದರ ಕಥೆ ಮುಗಿದ ಹಾಗೆ ಕಾಣುತ್ತದೆ. ಇಳಿಜಾರಿನಲ್ಲಿ ಟಕ್ ಟಕ್ ಅನ್ನುತ್ತದೆ, ಶಾಕ್ ಕುಗ್ಗದಂತೆ ತಡೆಯುವ ಲಾಕ್‌ಔಟ್ ಗುಂಡಿ ಸುಮ್ನೆ ತಿರುಗುತ್ತದೆ, ಮನೆ ಮುಟ್ಟುವಷ್ಟರಲ್ಲಿ ಅಂಗೈ ಜೋಮು ಹಿಡಿದಿರುತ್ತದೆ. ಪೇಟೆಗೆ 14 ಕಿಮೀ, ಅದರಲ್ಲಿ 4 ಕಿಮೀ ಬೆಟ್ಟದೊಳಗಿನ ಚಿರೆಕಲ್ಲಿನ ದಾರಿ. ಭಾನುವಾರ ಯಾಣದ ಕಡೆಗೋ ದೇವಿಮನೆ ಘಟ್ಟಕ್ಕೋ ಹೋಗುತ್ತೇನೆ. ನನ್ನ ತೂಕ 62 ಕೆಜಿ. ಕೈಯಲ್ಲಿ 18 ಸಾವಿರ ಇದೆ. ಸ್ಪ್ರಿಂಗಿನ ಬದಲು ಗಾಳಿಯ ಫೋರ್ಕ್ ತಗೊಳ್ಳಲಾ? 120 ಮಿಮೀ ಹಾಕಿದರೆ ಇನ್ನೂ ಮೆತ್ತಗಾಗುತ್ತದಾ? ಕಾಡಿನ ನಡುವೆ ಗಾಳಿ ಹೋದರೆ ಏನು ಗತಿ? ಹಾಕಿಸಿಕೊಂಡವರು ದಯವಿಟ್ಟು ಹೇಳಿ.

ಯಲ್ಲಾಪುರದಿಂದ

ಮೊದಲು 120ರ ಆಸೆ ಬಿಡಿ. ನಾನೂ ಅದೇ ಆಸೆಗೆ ಬಿದ್ದು ಎದ್ದವನು. ನಿಮ್ಮ ಫ್ರೇಮ್ ಮಾಡಿದ್ದು 100ಕ್ಕೆ. 20 ಮಿಮೀ ಜಾಸ್ತಿ ಹಾಕಿದರೆ ಸೈಕಲ್ಲಿನ ಮೂತಿ ಮೇಲೇಳುತ್ತದೆ, ಹೆಡ್ ಆಂಗಲ್, ಅಂದರೆ ಮುಂದಿನ ಕೊಳವೆಯ ಓರೆ, ಹೆಚ್ಚುಕಡಿಮೆ 1 ಡಿಗ್ರಿ ಒರಗುತ್ತದೆ. ಇಳಿಯುವಾಗ ಚೆನ್ನಾಗಿಯೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಅರಬೈಲ್ ಘಟ್ಟ ಹತ್ತುವಾಗ ಹ್ಯಾಂಡಲ್ ಹಿಡಿದು ಹಿಡಿದು ಸಾಕಾಗಿತ್ತು ನನಗೆ. ಹೆಡ್ ಟ್ಯೂಬಿನ (ಫೋರ್ಕ್ ತೂರಿಸುವ ಆ ಕೊಳವೆಯ) ಬೆಸುಗೆಯ ಮೇಲೆ ಜಗ್ಗು ಬೇರೆ ಜಾಸ್ತಿ.

ಇನ್ನು ಅಳತೆ. ನಾನು ಮೊದಲ ಸಲ ಫೋರ್ಕ್ ತರಿಸಿದಾಗ ಅಂಗಡಿಯವರು ‘ಎಲ್ಲದಕ್ಕೂ ಕೂರುತ್ತದೆ’ ಅಂದಿದ್ದರು. ಪಾರ್ಸೆಲ್ ಬಂತು. ಹಳೆಯದನ್ನು ಕಳಚಿ ಹೊಸದನ್ನು ಕೆಳಗಿನಿಂದ ತೂರಿಸಿದೆ. ಸರಾಗವಾಗಿ ಹೋಯಿತು, ಕೊನೆಯ ಎರಡು ಇಂಚಿಗೆ ಗಕ್ಕನೆ ನಿಂತಿತು. ತಮ್ಮ ಬಂದು ‘ಎಣ್ಣೆ ಹಚ್ಚು’ ಅಂದ. ಎಣ್ಣೆ ಹಚ್ಚಿದರೆ ಹೋಗಲಿಕ್ಕೆ ಅದೇನು ಬಾಗಿಲ ಅಗಳಿಯಾ? ತಂದದ್ದು ಟೇಪರ್ ಸ್ಟೀರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಫೋರ್ಕಿನ ಕೊಳವೆ) ಇದ್ದದ್ದು. ಅದರ ಮೇಲ್ತುದಿ ಒಂದೂಕಾಲು ಇಂಚಿಗಿಂತ ಸ್ವಲ್ಪ ಕಡಿಮೆ, 28.6 ಮಿಮೀ. ಬುಡದಲ್ಲಿ ಮಾತ್ರ ಒಂದೂವರೆ ಇಂಚು. ನನ್ನ ಹೆಡ್ ಟ್ಯೂಬ್ ನೇರದ್ದು, ಬುಡ ಹೇಗೆ ಹೋದೀತು? ವಾಪಸ್ ಕಳಿಸಲು ಹೋದರೆ ‘ಪೆಟ್ಟಿಗೆ ಒಡೆದಿದ್ದೀರಿ’ ಅಂದರು. ಎರಡು ವರ್ಷ ಅಟ್ಟದ ಮೇಲಿತ್ತು ಅದು.

ಹಾಗಾಗಿ ಈಗಲೇ ಸೈಕಲ್ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಡ್ ಟ್ಯೂಬ್ ನೋಡಿ. ಮೇಲಿನಿಂದ ಕೆಳಗೆ ಒಂದೇ ದಪ್ಪವಾ, ಕೆಳಗೆ ಹೊಟ್ಟೆ ಬಂದಿದೆಯಾ? ಒಂದೇ ದಪ್ಪ ಅಂದರೆ ನೇರ ಸ್ಟೀರರ್ ಇರುವ ಫೋರ್ಕನ್ನೇ ಕೇಳಿ. ಆಮೇಲೆ ಚಕ್ರದ ಅಚ್ಚು. ಐದು ವರ್ಷದ ಸೈಕಲ್ ಅಂದರೆ 9 ಮಿಮೀ ಕ್ವಿಕ್ ರಿಲೀಸ್ (ಸನ್ನೆ ಎಳೆದು ಬಿಚ್ಚುವಂಥದ್ದು) ಇರಬೇಕು. ಹೊಸ ಫೋರ್ಕ್‌ಗಳು ಹೆಚ್ಚಿನವು 15 ಮಿಮೀ ಅಚ್ಚಿನವು, ಅದರಲ್ಲೂ ಬೂಸ್ಟ್ ಅಂದರೆ 110 ಮಿಮೀ ಅಗಲ. ಅದು ತಗೊಂಡರೆ ಚಕ್ರದ ನಡುವಿನ ಹಬ್ ಕೂಡ ಬದಲಿಸಬೇಕು, 18 ಸಾವಿರ ಎಲ್ಲಿಗೂ ಸಾಲದು. ಡಿಸ್ಕ್ ಬ್ರೇಕ್ ಇದ್ದರೆ ಸರಿ. ವಿ-ಬ್ರೇಕ್ (ರಿಮ್ ಹಿಡಿಯುವ ಬ್ರೇಕ್) ಆದರೆ ಗಾಳಿಯ ಫೋರ್ಕ್ ಆಸೆಯನ್ನೇ ಬಿಡಬೇಕಾದೀತು, ಅದನ್ನು ಕೂರಿಸುವ ಗೂಟ ಈಗಿನ ಹೆಚ್ಚಿನ ಫೋರ್ಕ್‌ಗಳಲ್ಲಿ ಇರುವುದಿಲ್ಲ.

ಹೆಸರು ಬೇಕು ಅಂದರೆ: ಸನ್‌ಟೂರ್ ಕಂಪನಿಯ ಎಕ್ಸ್‌ಸಿಟಿ, ಎಕ್ಸ್‌ಸಿಎಂ ಎರಡೂ ಸ್ಪ್ರಿಂಗಿನವು. ನಿಮ್ಮದೂ ಆ ಜಾತಿಯದೇ ಇರಬೇಕು, ತೂಕ ಎರಡೂವರೆ ಕೆಜಿ ಆಸುಪಾಸು. ಒಂದು ಮೆಟ್ಟಿಲು ಮೇಲೆ ಎಕ್ಸ್‌ಸಿಆರ್‌ನ ಗಾಳಿಯದ್ದು, ಅದರ ಮೇಲೆ ರೈಡನ್. ರಾಕ್‌ಶಾಕ್ಸ್ ಕಂಪನಿಯಲ್ಲಿ ಜೂಡಿ, ರೆಕಾನ್. ಅವರದೇ ರೆಬಾ, ಇಲ್ಲ ಫಾಕ್ಸ್ ಕಂಪನಿಯ ಕಡೆಗೆ ನೋಡಲೇಬೇಡಿ, ಸೈಕಲ್ಲಿಗಿಂತ ಫೋರ್ಕೇ ದುಬಾರಿ ಆಗುತ್ತದೆ. ಅಂದಹಾಗೆ ಫಾಕ್ಸ್ 32, 34 ಅಂತ ಬರೆದಿರುವುದು ಒಳಗಾಲಿನ (ಹೊರಗಾಲಿನೊಳಗೆ ಜಾರುವ ಕೊಳವೆಯ) ದಪ್ಪ. ಟ್ರ್ಯಾವೆಲ್ ಅಂದುಕೊಂಡು ಒಬ್ಬರು ನನ್ನ ಹತ್ತಿರ ವಾದಕ್ಕೇ ನಿಂತಿದ್ದರು.

ಯಾವುದೇ ತಗೊಳ್ಳಿ, ಒತ್ತಿದ ಫೋರ್ಕ್ ವಾಪಸ್ ಏಳುವ ವೇಗ ಹೊಂದಿಸುವ ರಿಬೌಂಡ್ ತಿರುಪು ಕೆಳಗೆ ಇರಲಿ. ಅದಿಲ್ಲದ ಗಾಳಿ ಫೋರ್ಕಿಗಿಂತ ಅದಿರುವ ಸ್ಪ್ರಿಂಗೇ ವಾಸಿ.

ಕಾರವಾರದಿಂದ

ನಾನು ಉಲ್ಟಾ ಹೇಳುತ್ತೇನೆ. ಶಾಕೇ ಬೇಡ.

ನಮ್ಮಲ್ಲಿ ಸಮುದ್ರದ ಗಾಳಿಗೆ ಗೇಟಿನ ಚಿಲಕ ಉಳಿಯುವುದಿಲ್ಲ, ಶಾಕ್ ಉಳಿಯುತ್ತದಾ? ಅಗ್ಗದ ಫೋರ್ಕಿನ ಒಳಗಾಲು ಉಕ್ಕಿನದು, ಮೇಲೆ ಕ್ರೋಮ್ ಅಷ್ಟೇ. ಎರಡನೇ ಮಳೆಗಾಲಕ್ಕೆ ನನ್ನದರಲ್ಲಿ ಸಾಸಿವೆ ಕಾಳಿನ ಹಾಗೆ ತುಕ್ಕಿನ ಚುಕ್ಕಿ ಎದ್ದವು. ಆ ಚುಕ್ಕಿ ಸೀಲನ್ನು ಕೆರೆಯಿತು, ಸೀಲಿನ ಸಂದಿಯಲ್ಲಿ ಮರಳು ಹೋಯಿತು, ಆಮೇಲೆ ಅದು ಶಾಕ್ ಅಲ್ಲ, ಅರೆಯುವ ಕಲ್ಲು. ಬಿಚ್ಚಿ ಎಸೆದು ಉಕ್ಕಿನ ರಿಜಿಡ್ (ಶಾಕ್ ಇಲ್ಲದ) ಫೋರ್ಕ್ ಹಾಕಿದೆ. ಉದ್ದ ಮಾತ್ರ ಹಳೆಯ ಫೋರ್ಕಿನಷ್ಟೇ ಇರುವುದನ್ನು ಹುಡುಕಿದೆ, ಇಲ್ಲದಿದ್ದರೆ ಸೈಕಲ್ ಮೂಗಿನ ಮೇಲೆ ಬೀಳುತ್ತದೆ. ಒಂದೂವರೆ ಕೆಜಿ ಇಳಿಯಿತು. ಕದ್ರಾ ದಾರಿಯ ಏರು ಈಗ ಅರ್ಧ ಆದ ಹಾಗೆ.

ನಿಮ್ಮ ಚಿರೆಕಲ್ಲಿನ ದಾರಿಗೆ ಇದು ಆಗಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಒಂದು ಕೇಳುತ್ತೇನೆ ಮಾರಾಯ್ರೇ, ಟೈರಿನಲ್ಲಿ ಗಾಳಿ ಎಷ್ಟು ಇಟ್ಟಿದ್ದೀರಿ? 50 ಪಿಎಸ್‌ಐ ತುಂಬಿಸಿಕೊಂಡು ಶಾಕಿಗೆ ಬಯ್ಯುವವರು ಬಹಳ ಜನ. 62 ಕೆಜಿಗೆ, 2.2 ಇಂಚಿನ ಟೈರಿಗೆ, 30ರ ಹತ್ತಿರ ಇಟ್ಟು ಒಂದು ವಾರ ಓಡಿಸಿ. ಖರ್ಚು ಸೊನ್ನೆ.

ಸಿದ್ದಾಪುರದಿಂದ

ಕಾರವಾರದವರು ಹೇಳಿದ್ದರಲ್ಲಿ ಟೈರಿನ ಮಾತು ನೂರಕ್ಕೆ ನೂರು. ಉಳಿದದ್ದು ಸಮುದ್ರದ ಪಾಡು, ನಮ್ಮ ಪಾಡು ಬೇರೆ.

ತಮಾ, ಆ ಟಕ್ ಟಕ್ ಶಬ್ದ ಫೋರ್ಕಿನದೇ ಅಂತ ಹೇಗೆ ಗೊತ್ತಾಯಿತು? ಮುಂದಿನ ಬ್ರೇಕ್ ಬಿಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸು. ಇನ್ನೊಂದು ಕೈಯ ಬೆರಳನ್ನು ಹ್ಯಾಂಡಲ್ ಕೆಳಗೆ, ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಬೇರಿಂಗಿನ) ಸಂದಿಯ ಮೇಲಿಡು. ಅಲ್ಲಿ ಸದ್ದು ಬೆರಳಿಗೆ ತಾಗಿದರೆ ಹೆಡ್‌ಸೆಟ್ ಸಡಿಲ. ಅಲ್ಲಿ ತಣ್ಣಗಿದ್ದು, ಒಳಗಾಲು ಹೊರಗಾಲಿಗೆ ಸೇರುವ ಜಾಗದಲ್ಲಿ ತಾಗಿದರೆ ಬುಶ್ (ಒಳಗಾಲು ಜಾರುವ ಬಳೆ) ಸವೆದಿದೆ. ಹೆಡ್‌ಸೆಟ್ ಆದರೆ ಒಂದು ಅಲೆನ್ ಕೀಯ ಕೆಲಸ. ಮೊದಲು ಅದನ್ನು ನೋಡು.

ಇನ್ನು ಗಾಳಿಯಾ ಸ್ಪ್ರಿಂಗಾ. ನನ್ನ ತೂಕ 81 ಕೆಜಿ, ಮಗಂದು 54. ಸ್ಪ್ರಿಂಗ್ ಫೋರ್ಕಿಗೆ ಯಾರು ಕೂತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಮೇಲಿನ ಪ್ರಿಲೋಡ್ ಗುಂಡಿ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿ ಆಗುತ್ತದೆ ಅಂತ ಜನ ತಿಳಿದಿದ್ದಾರೆ. ಇಲ್ಲ. ಇದ್ದ ಸ್ಪ್ರಿಂಗನ್ನು ಸ್ವಲ್ಪ ಒತ್ತಿ ಕೂರಿಸುತ್ತದೆ, ಅಷ್ಟೇ. ಗಾಳಿಯದ್ದಾದರೆ ಶಾಕ್ ಪಂಪ್ ಸಿಕ್ಕಿಸಿ ಅವರವರ ತೂಕಕ್ಕೆ ಹೊಂದಿಸಬಹುದು. ಪಟ್ಟಿ ಫೋರ್ಕಿನ ಕಾಲ ಮೇಲೋ ಕಂಪನಿಯ ಪುಸ್ತಕದಲ್ಲೋ ಇರುತ್ತದೆ, ಅಲ್ಲಿಂದ ಶುರು ಮಾಡು.

ತೂಕಕ್ಕೆ ಫೋರ್ಕ್ ಎಷ್ಟು ಕುಗ್ಗುತ್ತದೆ ಅಂತ ನಾವು ನೋಡುವ ರೀತಿ ಹೇಳುತ್ತೇನೆ. ಜಗಲಿಯ ಗೋಡೆಗೆ ಮೊಣಕೈ ಊರಿ, ಬ್ಯಾಗು, ನೀರು, ಶೂ ಎಲ್ಲ ಹಾಕಿಕೊಂಡೇ ಸೈಕಲ್ ಮೇಲೆ ನಿಲ್ಲುತ್ತೇನೆ. ಕುಣಿಯುವುದಿಲ್ಲ. ಮಗ ಕೆಳಗೆ ಕೂತು ಒಳಗಾಲಿನ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ ಇಡುತ್ತಾನೆ. ನಾನು ನಿಧಾನ ಇಳಿಯುತ್ತೇನೆ. ಅವನು ಶಾಲೆಯ ಸ್ಕೇಲ್ ಹಿಡಿದು ಉಂಗುರ ಎಷ್ಟು ಮೇಲೆ ಹೋಯಿತು ಅಂತ ಓದುತ್ತಾನೆ. 100 ಮಿಮೀ ಫೋರ್ಕಿಗೆ 20ರಿಂದ 25 ಮಿಮೀ ಬಂದರೆ ಸರಿ. 30 ದಾಟಿದರೆ ಗಾಳಿ ಸಾಲದು, 15ಕ್ಕಿಂತ ಕಡಿಮೆ ಆದರೆ ಜಾಸ್ತಿ. ಉಂಗುರ ಇಲ್ಲದ ಫೋರ್ಕಿಗೆ ಪ್ಲಾಸ್ಟಿಕ್ ಟೈ ಕಟ್ಟಿದರೂ ನಡೆಯುತ್ತದೆ.

ಇದಾದ ಮೇಲೆ ರಿಬೌಂಡ್. ಯಲ್ಲಾಪುರದವರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು, ಆದರೆ ನಿನ್ನ ಅಂಗೈ ಜೋಮಿನ ಗುಟ್ಟು ಅರ್ಧ ಅಲ್ಲೇ ಇದೆ. ಒತ್ತಿದ ಫೋರ್ಕ್ ಎಷ್ಟು ಬೇಗ ವಾಪಸ್ ಏಳಬೇಕು ಅನ್ನುವುದು ಅದರ ಲೆಕ್ಕ. ಹ್ಯಾಂಡಲ್ ಒತ್ತಿ ಬಿಟ್ಟಾಗ ಚಕ್ರ ನೆಲ ಬಿಟ್ಟು ಹಾರಿದರೆ ತೀರಾ ಚುರುಕು. ನಮ್ಮ ಬೆಟ್ಟದ ದಾರಿಯಲ್ಲಿ ಮಳೆನೀರು ಕೊರೆದ ಅಡ್ಡ ಕಾಲುವೆಗಳು ಒಂದರ ಹಿಂದೆ ಒಂದು ಬರುತ್ತವಲ್ಲ, ಅಲ್ಲಿ ಇದು ಕೈಗೆ ಒದ್ದ ಹಾಗೆ ಒದೆಯುತ್ತದೆ. ತೀರಾ ನಿಧಾನ ಮಾಡಿದರೆ ಇನ್ನೊಂದು ಫಜೀತಿ. ಮೊದಲ ಕಾಲುವೆಯಿಂದ ಎದ್ದು ನಿಲ್ಲುವ ಮುಂಚೆ ಎರಡನೆಯದು ಬರುತ್ತದೆ, ನಾಲ್ಕನೆಯದಕ್ಕೆ ಫೋರ್ಕ್ ಪೂರ್ತಿ ಮುದುಡಿ ಕಲ್ಲಾಗಿರುತ್ತದೆ. ಪೂರ್ತಿ ನಿಧಾನಕ್ಕೆ ತಿರುಗಿಸಿ, ಅಲ್ಲಿಂದ ಎರಡೆರಡು ಕ್ಲಿಕ್ ಬಿಡುತ್ತಾ ಒಂದೇ ಇಳಿಜಾರನ್ನು ನಾಲ್ಕು ಸಲ ಇಳಿ. ಕೈಗೇ ಗೊತ್ತಾಗುತ್ತದೆ.

120 ಇದ್ದರೆ ಮೆತ್ತಗಾ ಅಂತ ಕೇಳಿದ್ದೀಯ. ಮೊದಲ ರಾಕ್‌ಶಾಕ್ಸ್ ಫೋರ್ಕಿಗೆ ಇದ್ದದ್ದು ಸುಮಾರು 50 ಮಿಮೀ. ಗ್ರೆಗ್ ಹರ್ಬೋಲ್ಡ್ 1990ರಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆಗಿದ್ದು ರಾಕ್‌ಶಾಕ್ಸ್ ಮೇಲೇ. ನಮಗೆ ದೇವಿಮನೆ ಇಳಿಯಲಿಕ್ಕೆ 100 ಸಾಲುವುದಿಲ್ಲವಾ?

ಕುಮಟಾದಿಂದ

ಗಾಳಿ ಹೋಗುತ್ತದೆ ಅನ್ನುವ ಹೆದರಿಕೆ ಬೇಡ. ನಾಲ್ಕು ವರ್ಷದಲ್ಲಿ ನನ್ನದು ದಾರಿಯಲ್ಲಿ ಒಮ್ಮೆಯೂ ಕೂತಿಲ್ಲ. ಹೋದರೂ ಸಾಮಾನ್ಯವಾಗಿ ನಿಧಾನವಾಗಿ ಹೋಗುತ್ತದೆ, ದಿನ ಕಳೆದ ಹಾಗೆ ಇಳಿಯುತ್ತದೆ. ಶಾಕ್ ಪಂಪ್ ಮಾತ್ರ ಫೋರ್ಕಿನ ಜೊತೆಗೇ ತಗೊಳ್ಳಿ, ಟೈರಿನ ಪಂಪ್ ಇದಕ್ಕೆ ಆಗುವುದಿಲ್ಲ. ಪಂಪ್ ಕಳಚುವಾಗ ಪುಸ್ ಅನ್ನುತ್ತದೆ. ಅದು ಪೈಪಿನೊಳಗಿನ ಗಾಳಿ, ಫೋರ್ಕಿನದಲ್ಲ. ಇದು ಗೊತ್ತಿಲ್ಲದೆ ನಾನು ಮೊದಲ ದಿನ ಆರು ಸಲ ತುಂಬಿದ್ದೇನೆ!

ಹೆದರಬೇಕಾದದ್ದು ನೀರಿಗೆ. ಕಳೆದ ವರ್ಷ ದಸರಾ ರಜೆಯಲ್ಲಿ ನನ್ನ ಫೋರ್ಕ್ ಬಿಚ್ಚಿದೆ. ಮೊದಲು ಗಾಳಿ ಪೂರ್ತಿ ತೆಗೆದೆ. ಇದನ್ನು ಮರೆಯಬೇಡಿ, ಗಾಳಿ ಇದ್ದಾಗ ಬೋಲ್ಟ್ ಬಿಚ್ಚುವುದು ಅಪಾಯ. ಕಾಲಿನ ಬುಡದ ಬೋಲ್ಟ್ ಎರಡೂ ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಹೊರಗಾಲು ಜಾರಿ ಬಂತು. ಎಣ್ಣೆ ಬರಬೇಕಿತ್ತು. ಬಂದದ್ದು ಹಾಲು ಹಾಕಿದ ಚಹಾ! ಮಳೆನೀರು ಎಣ್ಣೆಯ ಜೊತೆ ಕಲೆಸಿ ಹಾಗಾಗಿತ್ತು. ಸೀಲಿನ ಕೆಳಗಿನ ಸ್ಪಂಜಿನ ಉಂಗುರ ಹಿಂಡಿದರೆ ಕೆಂಪು ಮಣ್ಣಿನ ರಾಡಿ. ಅಂಗಳದಲ್ಲಿ ತುಳಸಿಕಟ್ಟೆಯ ಎದುರು ಚೆಲ್ಲಿತು, ಅತ್ತೆ ಒಂದು ವಾರ ಅದನ್ನೇ ತೋರಿಸಿದರು. ಸ್ಪಂಜು ತೊಳೆದು ಹೊಸ ಎಣ್ಣೆಯಲ್ಲಿ ನೆನೆಸಿ, ಪುಸ್ತಕದಲ್ಲಿ ಹೇಳಿದಷ್ಟು ಎಣ್ಣೆಯನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ಅಳೆದು ಹಾಕಿ ಮುಚ್ಚಿದೆ. ಫೋರ್ಕ್ ಹೊಸದಾಗಿ ಬಂದ ದಿನದ ಹಾಗೆ ಆಯಿತು.

ರಾಕ್‌ಶಾಕ್ಸ್ ಪುಸ್ತಕದಲ್ಲಿ ಇದನ್ನು 50 ಗಂಟೆ ಸವಾರಿಗೊಮ್ಮೆ ಮಾಡಿ ಅಂತಿದೆ. ನೀವು ದಿನಾ ಪೇಟೆಗೆ ಹೋಗಿ ಬರುವವರು, ಆ ಲೆಕ್ಕದಲ್ಲಿ ತಿಂಗಳಿಗೊಮ್ಮೆ ಬಿಚ್ಚಬೇಕು. ಅಷ್ಟು ಯಾರೂ ಮಾಡುವುದಿಲ್ಲ ಬಿಡಿ. ನಾನು ವರ್ಷಕ್ಕೆ ಎರಡು ಸಲ, ಮಳೆಗಾಲ ಮುಗಿದ ಮೇಲೊಮ್ಮೆ ಮತ್ತು ಬೇಸಿಗೆಯಲ್ಲೊಮ್ಮೆ. ಬೈಕ್ ತೊಳೆಯುವ ಅಂಗಡಿಯ ಜೋರು ನೀರನ್ನು ಸೀಲಿಗೆ ಹಿಡಿಸಬೇಡಿ. ಒಳಗಾಲಿಗೆ ಸೀಮೆಎಣ್ಣೆ, ತೆಂಗಿನೆಣ್ಣೆ ಹಚ್ಚುವವರೂ ಇದ್ದಾರೆ, ಅದೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೇಳಿದವರು ಮತ್ತೆ

ಸಿದ್ದಾಪುರದ ಅಣ್ಣ ಹೇಳಿದ ಹಾಗೆ ಬೆರಳಿಟ್ಟು ನೋಡಿದೆ. ಎರಡೂ ಕಡೆ ತಾಗುತ್ತದೆ! ಹೆಡ್‌ಸೆಟ್ ಬಿಗಿ ಮಾಡಿದ ಮೇಲೆ ಅರ್ಧ ಸದ್ದು ಹೋಯಿತು. ಉಳಿದರ್ಧ ಬುಶ್ಶಿನದೇ. ಟೈರಿನಲ್ಲಿ 48 ಇತ್ತು, ನಾಚಿಕೆ ಆಯಿತು. 30ಕ್ಕೆ ಇಳಿಸಿದೆ. ಅಂಗೈ ಜೋಮು ಪೂರ್ತಿ ಹೋಗಿಲ್ಲ, ಆದರೆ ಈಗ ಮನೆ ಹತ್ತಿರದ ಸಂಕದ ತನಕ ಬರುವುದಿಲ್ಲ.

ಹೆಡ್ ಟ್ಯೂಬ್ ಒಂದೇ ದಪ್ಪ. ಅಚ್ಚು 9 ಮಿಮೀ. ಡಿಸ್ಕ್ ಬ್ರೇಕ್. ಹಾಗಾಗಿ 100 ಮಿಮೀ, ಗಾಳಿಯದ್ದು, ನೇರ ಸ್ಟೀರರ್, ರಿಬೌಂಡ್ ಇರುವುದು ಅಂತ ಚೀಟಿ ಬರೆದಿಟ್ಟಿದ್ದೇನೆ. ಪಂಪಿಗೆ ಅಂತ ಸ್ವಲ್ಪ ದುಡ್ಡು ತೆಗೆದಿಟ್ಟೆ. ಕುಮಟಾದ ಅಕ್ಕ, ಆ ಸ್ಪಂಜಿನ ಉಂಗುರ ಹಳೆಯದನ್ನೇ ತೊಳೆದು ಹಾಕಬಹುದಾ, ಪ್ರತಿ ಸಲ ಹೊಸದು ಬೇಕಾ?

ಕುಮಟಾದಿಂದ

ಹರಿದಿಲ್ಲ ಅಂದರೆ ಹಳೆಯದೇ ಸಾಕು. ಸೀಲ್ ಬದಲಿಸುವಾಗ ಸ್ಪಂಜೂ ಬದಲಿಸಿ.

ಯಲ್ಲಾಪುರದಿಂದ

ಒಂದು ಮರೆತಿದ್ದೆ. ಹಳೆಯ ಫೋರ್ಕಿನ ಬುಡದಲ್ಲಿ ಹೆಡ್‌ಸೆಟ್ ಬೇರಿಂಗ್ ಕೂರುವ ಬಳೆ ಒಂದು ಇರುತ್ತದೆ. ಹೊಸ ಫೋರ್ಕಿನ ಜೊತೆ ಅದು ಬರುವುದಿಲ್ಲ, ಹಳೆಯದರಿಂದ ಬಿಡಿಸಿ ಹಾಕಬೇಕು. ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ನೆನಪಿರಲಿ. ಹೊಸದರ ಸ್ಟೀರರ್ ಉದ್ದ ಬಂದಿರುತ್ತದೆ, ಕತ್ತರಿಸಬೇಕು. ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು), ಅದರ ಕೆಳಗಿನ ಸ್ಪೇಸರ್ ಬಳೆ ಎಲ್ಲ ಕೂರಿಸಿ ನೋಡಿ, ಆಮೇಲೆ ಗೆರೆ ಎಳೆಯಿರಿ. ಗಿಡ್ಡ ಆದರೆ ಅದೂ ಅಟ್ಟಕ್ಕೇ ಹೋಗುತ್ತದೆ. ಗರಗಸ ನನ್ನ ಹತ್ತಿರ ಇದೆ. ಪಾರ್ಸೆಲ್ ಬಂದ ದಿನ ಹೇಳಿ, ಶನಿವಾರ ಹೇಗೂ ಶಿರಸಿಗೆ ಬರುತ್ತಿರುತ್ತೇನೆ.